ಹಲಗೆಯನ್ನು ಬೆಂಕಿಗೆ ಹಿಡಿಯುವುದೇಕೆ?

ಶಹಾಪುರ ತಾಲ್ಲೂಕಿನ ವನದುರ್ಗವು ಸುರಪುರದ ನಾಯಕರ ಕಾಲದ ಕೋಟೆಯುಳ್ಳ ಊರು. ಆ ಸೀಮೆಯಲ್ಲಿ ಮೊಹರಮ್ಮಿನ ಕುಣಿತವಾಗಲಿ, ದೇವರ ಜಾತ್ರೆಯಾಗಲಿ, ಹಲಗೆಯಿಲ್ಲದೆ ನಡೆಯುವುದು ವಿರಳ. ಅಲ್ಲಿ ಹಲಗೆಯವರು ಮೊದಲು ಮಾಡುವ ಕೆಲಸವನ್ನು ನಾವು ಗಮನಿಸಬೇಕು. ಅವರು ಒಂದಿಷ್ಟು ಹುಲ್ಲನ್ನು ಹೊತ್ತಿಸಿ, ವಾದ್ಯದ ಮುಖವನ್ನು ಉರಿಗೆ ಹಿಡಿಯುವರು. ನಡುನಡುವೆ ಬೆರಳಿನಿಂದ ತಟ್ಟಿ ಆಲಿಸುವರು. ದನಿ ಗಡುಸಾದ ಮೇಲೆಯೇ ಕೋಲು ಎತ್ತುವರು.

ಇದರ ಮರ್ಮವು ಚರ್ಮದಲ್ಲಿದೆ. ಚರ್ಮವು ಗಾಳಿಯ ತೇವವನ್ನು ಹೀರಿಕೊಂಡಾಗ ಸಡಿಲಗೊಂಡು ಭಾರವಾಗುತ್ತದೆ. ಬಿಸಿ ತಗುಲಿದೊಡನೆ ತೇವವು ಆರಿ, ಚರ್ಮವು ಕುಗ್ಗಲು ಯತ್ನಿಸುತ್ತದೆ. ಆದರೆ ಸುತ್ತಲಿನ ಬಳೆಯು ಬಿಡದು. ಆದುದರಿಂದ ಬಿಗಿತವು ಹೆಚ್ಚುತ್ತದೆ. ಬಿಗಿತವು ನಾಲ್ಕು ಪಟ್ಟಾದರೆ ಕಂಪನದ ವೇಗವು ಎರಡು ಪಟ್ಟಾಗುವುದೆಂಬುದು ಭೌತವಿಜ್ಞಾನದ ನಿಯಮ. ಮಳೆಗಾಲದಲ್ಲಿ ಹಲಗೆಯು ಮಂಕಾಗಿ, ಬೇಸಗೆಯಲ್ಲಿ ಕಂಚಿನಂತೆ ಮೊಳಗಲು ಇದೇ ಕಾರಣ.

ವೀಣೆಯ ತಂತಿಯ ಉಪಸ್ವರಗಳು ಮೂಲಸ್ವರದ 2, 3, 4 ಪಟ್ಟು ಇರುವುವು. ಏಕರೂಪವಾದ ಚರ್ಮದಲ್ಲಿ ಹಾಗಿಲ್ಲ. ಅಲ್ಲಿ ಅವು ಸುಮಾರು 1.59, 2.14 ಎಂಬಂಥ ಒರಟು ಪ್ರಮಾಣದಲ್ಲಿರುತ್ತವೆ. ಮೃದಂಗದ ಕರಣೆಯು ಈ ಒರಟುತನವನ್ನು ತಿದ್ದುವುದೆಂದು ಸಿ. ವಿ. ರಾಮನ್ನರು 1920ರಲ್ಲಿ ಶಿವಕಾಳಿ ಕುಮಾರರೊಡನೆ ಪ್ರಕಟಿಸಿದರು. ಹಲಗೆಗೆ ಕರಣೆಯಿಲ್ಲ, ಅದರ ಅಗತ್ಯವೂ ಇಲ್ಲ. ಅದು ರಾಗಕ್ಕೆ ಜೊತೆಗೂಡಲು ಹುಟ್ಟಿದ ವಾದ್ಯವಲ್ಲ. ಹೊಲದಾಚೆಯವರನ್ನು ಕೂಗಿ ಕರೆಯಲು ಹುಟ್ಟಿದುದು. ಒಂದು ಕಿಲೋಮೀಟರ್ ದೂರದಲ್ಲಿ ನಿಂತು ನೋಡುವ ವಿದ್ಯಾರ್ಥಿಗೆ, ಕೋಲು ಬಿದ್ದ ಸುಮಾರು 3 ಸೆಕೆಂಡುಗಳ ಅನಂತರ ಪೆಟ್ಟು ಕೇಳಿಸುವುದು. ಇದನ್ನು ಯಾರಾದರೂ ಪರೀಕ್ಷಿಸಬಹುದು.

ಚರ್ಮವನ್ನು ಕಾಯಿಸುವ ಜಾಣ್ಮೆ ನಮ್ಮದೊಂದೇ ಅಲ್ಲ. ಜಿಂಬಾಬ್ವೆಯ ಶೋನಾ ಜನರು ಒಂದೇ ದಿಮ್ಮಿಯನ್ನು ಕೊರೆದು 'ಎಂಗೋಮ' ಎಂಬ ಮದ್ದಳೆಯನ್ನು ಮಾಡುವರು. ಹಿರಿಯರ ಆತ್ಮಗಳನ್ನು ಆಹ್ವಾನಿಸುವ ರಾತ್ರಿಯ ಆರಾಧನೆಯಲ್ಲಿ ಅದಕ್ಕೆ ಗೌರವದ ಸ್ಥಾನವುಂಟು. ನಮ್ಮಲ್ಲಿಯೂ ಹಾಲುಮತದವರು ಬೀರಪ್ಪನ ಮುಂದೆ ಡೊಳ್ಳನ್ನು ಭಕ್ತಿಯಿಂದಲೇ ಬಾರಿಸುವರು.

ಹಲಗೆಯ ಕಥೆ ಬೇರೆ. ಊರಿಗೆ ಡಂಗುರ ಸಾರುವುದು, ಸಾವಿನ ಮುಂದೆ ಬಾರಿಸುವುದು ಬಹುಕಾಲ ಮಾದಿಗರ ಬಿಟ್ಟಿ ಚಾಕರಿಯಾಗಿದ್ದವು. ಬಾರಿಸಿದವನನ್ನು ಗುಡಿಯ ಹೊರಗೆ ನಿಲ್ಲಿಸಿ, ಅವನ ನಾದವನ್ನು ಮಾತ್ರ ದೇವರು ಕೇಳಬೇಕೆಂದು ಬಯಸಿದ ನಮ್ಮ ಸಮಾಜದ ತರ್ಕ ವಿಚಿತ್ರವಾದುದು! ಆದುದರಿಂದಲೇ ಹಲವರು ಹಲಗೆಯನ್ನು ಕೆಳಗಿಟ್ಟರು. 1970ರ ದಶಕದ ಅನಂತರ ದಲಿತ ಚಳವಳಿಯ ಮೆರವಣಿಗೆಗಳಲ್ಲಿ ಅದೇ ವಾದ್ಯವು, ಯಾರ ಅಪ್ಪಣೆಯೂ ಇಲ್ಲದೆ, ಮತ್ತೆ ಮೊಳಗಿತು. ಹಲಗೆಯ ಸೋದರ ವಾದ್ಯವಾದ ತಮಟೆಯ ವಾದನಕ್ಕಾಗಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ದೊರೆಯಿತು.

ಈಗ ಕಬ್ಬಿಣದ ಬಳೆಗೆ ಪ್ಲಾಸ್ಟಿಕ್ ಹಾಳೆ ಬಿಗಿದ ಹಲಗೆಗಳೂ ಬಂದಿವೆ. ಅವು ಗಾಳಿಯ ತೇವವನ್ನು ಹೀರವು. ಆದುದರಿಂದ ಹುಲ್ಲಿನ ಉರಿಯೂ ಬೇಡ. ಮಳೆಯಲ್ಲಿಯೂ ದನಿ ಇಳಿಯದು. ಆದರೂ ನುರಿತ ಕಿವಿಯುಳ್ಳವರು ಚರ್ಮದ ಹಲಗೆಯನ್ನೇ ಕೇಳುವರು.