ಅಂಗಿ ಗುಂಡಿಯ ಚಕ್ರ, ಅಟ್ಟೆಯ ಫಿರಂಗಿ

ಬೇಸಿಗೆ ರಜೆಯ ಒಂದು ಮಧ್ಯಾಹ್ನ ನಿಮ್ಮ ಮಗ ಬಂದು, "ಉಮ್ಮಾ, ನಾನೊಂದು ಫಿರಂಗಿ ಮಾಡಬೇಕು, ನಿನ್ನ ಹೊಲಿಗೆ ಡಬ್ಬಿಯ ಗುಂಡಿಗಳನ್ನೆಲ್ಲ ಕೊಡು" ಎಂದರೆ ನೀವೇನು ಹೇಳುವಿರಿ? "ಮೊದಲು ಝುಹರ್ ನಮಾಝ್ ಮಾಡಿ ಬಾ" ಎಂದು ಮಾತು ಮರೆಸುವವರೇ ನಮ್ಮಲ್ಲಿ ಹೆಚ್ಚು. ನಾನೂ ಹಾಗೆಯೇ ಮಾಡಿದೆ. ನಮಾಝ್ ಮುಗಿಸಿ ಬಂದವನು ಮತ್ತೆ ಅದನ್ನೇ ಕೇಳಿದ.

ಅವನು ಮಾಡಹೊರಟದ್ದು ಸಾಮಾನ್ಯ ಫಿರಂಗಿಯಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಕ್ರುಪ್ ಕಂಪೆನಿ ತಯಾರಿಸಿದ, ರೈಲು ಹಳಿಯ ಮೇಲೆ ಚಲಿಸುವ 'ಡೋರಾ'. ಒಂದು ಆಯುಧಕ್ಕೆ ಹೆಣ್ಣಿನ ಹೆಸರು! ಮನೆಯಲ್ಲಿ ಆಯುಧದ ಮಾದರಿ ಬೇಕೇ ಎಂದು ನನ್ನ ಮನಸ್ಸು ಅಳುಕಿತು. ಬೇಡವೆಂದರೆ ಅವನು ಸುಮ್ಮನಾಗುತ್ತಿದ್ದ. ಆದರೆ ಅವನ ಮನಸ್ಸಿನಲ್ಲಿ ಅದು 'ಎಷ್ಟು ದೊಡ್ಡ ಫಿರಂಗಿ!' ಎಂಬ ಬೆರಗಾಗಿ ಮಾತ್ರ ಉಳಿದುಬಿಡುತ್ತಿತ್ತು. ಒಂದು ಷರತ್ತು ಹಾಕಿದೆ: ಎಲ್ಲವೂ ಅಳತೆಗೆ ಸರಿಯಾಗಿರಬೇಕು. ಫಿರಂಗಿ ಮಾತ್ರವಲ್ಲ, ಅದು ನಿಂತಿದ್ದ ನೆಲವೂ ಇರಬೇಕು.

ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಕಿಟ್ಟುಗಳಿಗೆ ದುಡ್ಡು ಸುರಿಯುವ ಅಗತ್ಯವಿಲ್ಲ. ನೂರನೇ ಒಂದು ಅಳತೆ ಮನೆಗೆ ಅನುಕೂಲ, ಲೆಕ್ಕವೂ ಸುಲಭ. ಒಂದು ಮೀಟರ್ ಒಂದು ಸೆಂಟಿಮೀಟರ್ ಆಗುತ್ತದೆ. ಡೋರಾದ ಉದ್ದ 47.3 ಮೀಟರ್, ಆದ್ದರಿಂದ ಮಾದರಿಗೆ 47.3 ಸೆಂ.ಮೀ. ಎತ್ತರ 11.6 ಸೆಂ.ಮೀ. ನಳಿಕೆ ಸುಮಾರು 32.5 ಸೆಂ.ಮೀ. ನಳಿಕೆಯ ಬಾಯಿ 80 ಸೆಂ.ಮೀ. ಇತ್ತು, ನಿಮ್ಮ ಆರು ವರ್ಷದ ಮಗು ಅದರೊಳಗೆ ನುಸುಳಿ ಹೋಗಬಹುದಿತ್ತು. ಮಾದರಿಯಲ್ಲಿ ಅದು 8 ಮಿ.ಮೀ., ಹೆಚ್ಚುಕಡಿಮೆ ಒಂದು ಪೆನ್ಸಿಲಿನ ದಪ್ಪ. ಹಾಗಾಗಿ ಪೆನ್ಸಿಲಿನ ಮೇಲೆಯೇ ಚಾರ್ಟ್ ಕಾಗದ ಸುತ್ತಿದೆವು. ಮೊದಲ ಸಲ ಮೈದಾ ಅಂಟು ಹಚ್ಚಿದ್ದು ತಪ್ಪಾಯಿತು. ಒದ್ದೆಯಾಗಿ, ಬೆಳಗಾಗುವಾಗ ನಳಿಕೆ ನುಗ್ಗೆಕಾಯಿಯಂತೆ ಸೊಟ್ಟಗಾಗಿತ್ತು, ಇರುವೆಯೂ ಬಂದಿತ್ತು. ಎರಡನೇ ಸಲ ಫೆವಿಕಾಲನ್ನು ತೆಳ್ಳಗೆ ಸವರಿ, ನೂಲು ಸುತ್ತಿ, ಬಟ್ಟೆ ಒಣಗಿಸುವ ಹಗ್ಗಕ್ಕೆ ನೇರವಾಗಿ ತೂಗುಹಾಕಿದೆವು. ಬುಡದ ಕಡೆ ಇನ್ನೂ ನಾಲ್ಕು ಸುತ್ತು ಕಾಗದ ಹೆಚ್ಚಿಗೆ ಬೇಕು, ಅಲ್ಲಿ ನಳಿಕೆ ದಪ್ಪ.

ಚಕ್ರಗಳು 80. ಫಿರಂಗಿ ಎರಡು ಜೋಡಿ ಹಳಿಗಳ ಮೇಲೆ ಒಟ್ಟಿಗೆ ನಿಲ್ಲುತ್ತಿತ್ತು, ಒಂದೊಂದರ ಮೇಲೂ 20 ಅಚ್ಚುಗಳು. ಅಂಗಿಯ ಗುಂಡಿಗಳು ಇದಕ್ಕೆ ಚೆನ್ನಾಗಿ ಹೊಂದುತ್ತವೆ. ಡಬ್ಬಿಯಲ್ಲಿ 53 ಸಿಕ್ಕಿದವು, ಉಳಿದದ್ದನ್ನು ಪಕ್ಕದ ಟೈಲರ್ ಕೊಟ್ಟರು. ಹಳಿಗೆ ತೆಂಗಿನ ಕಡ್ಡಿ. ಎರಡು ಕಡ್ಡಿಗಳ ನಡುವೆ 14 ಮಿ.ಮೀ.ಗಿಂತ ತುಸು ಹೆಚ್ಚು ಅಂತರ ಬಿಡಿ. ತೆಂಗಿನ ಕಡ್ಡಿಗೆ ಇನ್ನೊಂದು ಗುಣವಿದೆ, ಅದು ಮುರಿಯದೆ ಬಾಗುತ್ತದೆ. ನಮಗೆ ಬೇಕಾದದ್ದೂ ಅದೇ. ಈ ಫಿರಂಗಿಯ ನಳಿಕೆ ಮೇಲಕ್ಕೆ ಕೆಳಕ್ಕೆ ಆಡುತ್ತಿತ್ತೇ ಹೊರತು ಎಡಕ್ಕೆ ಬಲಕ್ಕೆ ತಿರುಗುತ್ತಿರಲಿಲ್ಲ. ಗುರಿ ಬದಲಿಸಬೇಕಾದರೆ ಬಾಗಿದ ಹಳಿಯ ಮೇಲೆ ಇಡೀ ಯಂತ್ರವನ್ನೇ ಮುಂದೆ ಹಿಂದೆ ಸರಿಸಬೇಕಿತ್ತು.

ತೂಕದ ವಿಷಯದಲ್ಲಿ ನನ್ನ ಮಗ ಎಡವಿದ. ಅಸಲು ತೂಕ 1350 ಟನ್, ನೂರರಿಂದ ಭಾಗಿಸಿ "13.5 ಟನ್" ಎಂದ. ಅಟ್ಟೆಯ ಪೆಟ್ಟಿಗೆ ಹದಿಮೂರು ಟನ್! ಉದ್ದ, ಅಗಲ, ಎತ್ತರ ಮೂರೂ ನೂರು ಪಟ್ಟು ಕುಗ್ಗಿದಾಗ ತೂಕ ಹತ್ತು ಲಕ್ಷ ಪಟ್ಟು ಕುಗ್ಗುತ್ತದೆ. ಉತ್ತರ 1.35 ಕಿಲೋ. ಅಡುಗೆಮನೆಯ ತಕ್ಕಡಿಯಲ್ಲಿ ಇದನ್ನು ತೋರಿಸಿಕೊಡಿ, ಗಣಿತದ ಪುಸ್ತಕ ಒಂದು ತಿಂಗಳಲ್ಲಿ ಕಲಿಸದ್ದನ್ನು ಮಗು ಐದು ನಿಮಿಷದಲ್ಲಿ ಕಲಿಯುತ್ತದೆ. ಅದರ ಭಾರಿ ಗುಂಡು 7.1 ಟನ್, ದೊಡ್ಡ ಗಂಡಾನೆಗಿಂತಲೂ ಭಾರ. ನಮ್ಮ ಅಳತೆಯಲ್ಲಿ 7 ಗ್ರಾಂ, ಒಂದು ಟೀ ಚಮಚ ಉಪ್ಪಿನಷ್ಟು.

ಸೈನಿಕರ ಬೊಂಬೆಗಳನ್ನು ಮಾಡುತ್ತೇನೆಂದಾಗ ನಾನು ಬೇಡವೆಂದೆ. ಮಕ್ಕಳ ಆಟಿಕೆಯ ವಿಷಯದಲ್ಲಿ ಅನೇಕ ವಿದ್ವಾಂಸರು ರಿಯಾಯಿತಿ ಹೇಳಿದ್ದಾರೆ; ಹಝ್ರತ್ ಆಯಿಶಾ(ರ)ರ ಬಳಿ ರೆಕ್ಕೆಯ ಕುದುರೆಯ ಆಟಿಕೆ ಇದ್ದುದನ್ನು ಕಂಡು ಪ್ರವಾದಿ(ಸ) ನಕ್ಕ ಪ್ರಸಂಗ ನಿಮಗೂ ಗೊತ್ತಿರಬಹುದು. ಆದರೂ ಶೋಕೇಸಿನಲ್ಲಿ ಇಡುವ ವಸ್ತುವಾದ್ದರಿಂದ ಬೆಂಕಿಕಡ್ಡಿ ಸಾಕೆಂದೆ. 1.7 ಸೆಂ.ಮೀ. ಉದ್ದಕ್ಕೆ ಮುರಿದರೆ ಒಬ್ಬ ಮನುಷ್ಯ. ಈ ಫಿರಂಗಿಯನ್ನು ಬಿಡಿಭಾಗಗಳಾಗಿ ರೈಲಿನಲ್ಲಿ ತಂದು, ಕ್ರೇನ್‌ಗಳಿಂದ ಎತ್ತಿ ಜೋಡಿಸಲು ಸುಮಾರು 250 ಜನರಿಗೆ ಮೂರು ದಿನ ಹಿಡಿಯುತ್ತಿತ್ತು. ಹಳಿ ಹಾಕಲು, ಕಾವಲಿಗೆ ಇನ್ನೂ ಸಾವಿರಾರು ಜನ. ಹುಡುಗ 250 ಕಡ್ಡಿ ಮುರಿಯುವಷ್ಟರಲ್ಲಿ ಬೆರಳು ನೋವೆಂದ. ಇಷ್ಟೆಲ್ಲ ಮಾಡಿ 1942ರ ಜೂನ್‌ನಲ್ಲಿ ಅದು ಹಾರಿಸಿದ್ದು 48 ಗುಂಡು. ಯುದ್ಧದಲ್ಲಿ ಡೋರಾದ ಗಳಿಕೆ ಅಷ್ಟೇ. 1945ರಲ್ಲಿ ಜರ್ಮನರೇ ಅದನ್ನು ಸ್ಫೋಟಿಸಿ ಕೆಡವಿದರು.

ಇನ್ನು ನೆಲದ ಮಾತು. ಡೋರಾ ನಿಂತಿದ್ದು ಕಪ್ಪು ಸಮುದ್ರದ ಕ್ರೈಮಿಯಾದಲ್ಲಿ, ಬಖ್ಚಿಸರಾಯ್ ಪಟ್ಟಣದ ಸಮೀಪ. ಗುರಿ ಸೆವಾಸ್ತೊಪೋಲ್ ನಗರದ ಕೋಟೆಗಳು ಮತ್ತು ಮದ್ದಿನ ಉಗ್ರಾಣ. ಉರ್ದು ಬಲ್ಲವರು ಆ ಪಟ್ಟಣದ ಹೆಸರನ್ನು ಇನ್ನೊಮ್ಮೆ ಓದಿ. ಬಾಗ್, ಸರಾಯ್. ತೋಟದ ಅರಮನೆ! ಅದು ಕ್ರೈಮಿಯಾದ ತಾತಾರ್ ಮುಸ್ಲಿಮರ ಖಾನರ ರಾಜಧಾನಿಯಾಗಿತ್ತು. 1500ರಲ್ಲಿ ಕಟ್ಟಿದ ಝಿಂಜಿರ್ಲಿ ಮದ್ರಸ ಅಲ್ಲಿದೆ. ಅದರ ಬಾಗಿಲಿಗೆ ಅಡ್ಡಲಾಗಿ ಸರಪಳಿ ತೂಗುತ್ತದೆ. ವಿದ್ಯೆಯ ಮನೆಗೆ ಬರುವವನು ಯಾರೇ ಆದರೂ ತಲೆಬಾಗಿ ಒಳಬರಲಿ ಎಂದು. ಮದ್ರಸದಲ್ಲಿ ಓದಿದವಳಾದ ನನಗೆ ಈ ಒಂದು ವಿವರ ತಿಳಿದಾಗ ಆದ ಸಂತೋಷ ಇಷ್ಟಿಷ್ಟಲ್ಲ. ಇಸ್ಮಾಯಿಲ್ ಗಾಸ್ಪ್ರಿನ್ಸ್ಕಿ 1883ರಲ್ಲಿ 'ತರ್ಜುಮಾನ್' ಪತ್ರಿಕೆ ಆರಂಭಿಸಿದ್ದೂ ಇದೇ ಊರಿನಲ್ಲಿ. 1906ರಲ್ಲಿ ಅಲ್ಲಿಂದಲೇ ಮುಸ್ಲಿಮ್ ಸ್ತ್ರೀಯರಿಗಾಗಿ 'ಆಲಮೆ ನಿಸ್ವಾನ್' ಹೊರಬಂತು. ಅದನ್ನು ನಡೆಸಿದವರು ಅವರ ಮಗಳು ಶಫೀಕಾ. ಈ ಮಾಸಿಕವನ್ನು ಕೈಯಲ್ಲಿ ಹಿಡಿದಿರುವ ನಿಮಗೆ ಆಕೆ ಹಿರಿಯಕ್ಕನ ಹಾಗೆ.

ಆ ತೋಟದ ಊರಿನ ಪಕ್ಕದಲ್ಲಿ ಫಿರಂಗಿ ನಿಂತಿತು. ಅದಾಗಿ ಎರಡೇ ವರ್ಷ. ಜರ್ಮನರು ಹೋದರು, ಸೋವಿಯತ್ ಸೇನೆ ಬಂತು. ಶತ್ರುಗಳ ಜೊತೆ ಸೇರಿದ್ದರೆಂಬ ಆರೋಪವನ್ನು ಇಡೀ ಜನಾಂಗದ ಮೇಲೆ ಹೊರಿಸಿ, 1944ರ ಮೇ 18ರಂದು ಸ್ಟಾಲಿನ್ ಸರಕಾರ ಕ್ರೈಮಿಯಾದ ತಾತಾರರನ್ನು ಮನೆಗಳಿಂದ ಎಬ್ಬಿಸಿತು. ಹೆಂಗಸರು, ಮಕ್ಕಳು, ಮುದುಕರೆನ್ನದೆ ಒಂದೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಜನರನ್ನು ಗೂಡ್ಸ್ ಬೋಗಿಗಳಲ್ಲಿ ತುಂಬಿ, ಹೆಚ್ಚಿನವರನ್ನು ಉಝ್ಬೆಕಿಸ್ತಾನಕ್ಕೆ ಸಾಗಿಸಿತು. ದಾರಿಯಲ್ಲೇ ಸತ್ತವರೆಷ್ಟೋ. ದೊಡ್ಡ ಸಂಖ್ಯೆಯಲ್ಲಿ ಮರಳಿ ಬರಲು ಅವರಿಗೆ ಸಾಧ್ಯವಾದದ್ದು 1980ರ ದಶಕದ ಕೊನೆಯಲ್ಲಿ. ಫಿರಂಗಿಯನ್ನು ತಂದದ್ದೂ ರೈಲು, ಆ ತಾಯಂದಿರನ್ನು ಕೊಂಡೊಯ್ದದ್ದೂ ರೈಲು.

ಮಾದರಿ ಮುಗಿದ ದಿನ ಸಂಜೆ ಅವನನ್ನು ಕರೆದುಕೊಂಡು ಹೊರಟೆ. ಭಾರಿ ಗುಂಡು 38 ಕಿ.ಮೀ. ದೂರ ಹೋಗುತ್ತಿತ್ತು. ನಮ್ಮ ಅಳತೆಯಲ್ಲಿ 380 ಮೀಟರ್. ಮನೆಯ ಗೇಟಿನಿಂದ ಹೆಜ್ಜೆ ಎಣಿಸುತ್ತ ನಡೆದೆವು. ಟೈಲರ್ ಅಂಗಡಿ ದಾಟಿತು, ಮಸೀದಿ ದಾಟಿತು, ಅಂಗನವಾಡಿಯ ಹತ್ತಿರ ಲೆಕ್ಕ ಮುಗಿಯಿತು. ಅಲ್ಲಿಂದ ಹಿಂತಿರುಗಿ ನೋಡಿದರೆ ನಮ್ಮ ಮನೆ ಕಾಣುವುದಿಲ್ಲ.

"ಹಾರಿಸುವವರಿಗೆ ಇಲ್ಲಿ ಯಾರಿದ್ದಾರೆಂದು ಕಾಣುತ್ತಿರಲಿಲ್ಲವಾ?" ಎಂದು ಕೇಳಿದ.

ಕಾಣುತ್ತಿರಲಿಲ್ಲ ಎಂದೆ. ಯುದ್ಧದಲ್ಲೂ ಹೆಂಗಸರನ್ನು, ಮಕ್ಕಳನ್ನು ಕೊಲ್ಲಬಾರದೆಂದು ಪ್ರವಾದಿ(ಸ) ತಡೆದದ್ದನ್ನು ಅವನು ಮದ್ರಸದಲ್ಲಿ ಕಲಿತಿದ್ದಾನೆ. ದಾರಿಯುದ್ದಕ್ಕೂ ಮತ್ತೇನೂ ಮಾತನಾಡಲಿಲ್ಲ, ನಾನೂ ಮಾತನಾಡಿಸಲಿಲ್ಲ.

ಫಿರಂಗಿ ಈಗ ಬೂದು ಬಣ್ಣ ಬಳಿದುಕೊಂಡು ಕಪಾಟಿನ ಮೇಲಿದೆ. ಅದರ ಹಲಗೆಯಲ್ಲಿ ಇನ್ನೂ ಒಂದು ಗೇಣು ಜಾಗ ಖಾಲಿ ಉಳಿದಿತ್ತು. ಮರುದಿನ ಅಸರ್ ಹೊತ್ತಿಗೆ ಅವನು ಪುನಃ ಹೊಲಿಗೆ ಡಬ್ಬಿ ಕೆದಕುತ್ತಿದ್ದ. ತಂಗಿಯ ತುಂಡಾದ ಸರದ ಒಂದಿಂಚು ಸರಪಳಿ ಬೇಕಂತೆ, ಮದ್ರಸದ ಬಾಗಿಲಿಗೆ.