ನಿಮಗಿದು ಗೊತ್ತೆ? ನಮ್ಮೂರ ದೊಡ್ಡ ಡಿಶ್ ನೆತ್ತಿ ನೋಡುತ್ತದೆ!
ಕುಂದಾಪುರ, ಬೈಂದೂರು, ಬ್ರಹ್ಮಾವರದ ಹಿತ್ತಿಲಲ್ಲಿ ಕಂಬ ನೆಟ್ಟು ಕೂರಿಸುವ ಎಂಟಡಿಯ ಡಿಶ್ ಹೆಚ್ಚುಕಡಿಮೆ ಆಕಾಶಕ್ಕೇ ಮುಖ ಮಾಡಿರುತ್ತದೆ. ಭೂಮಧ್ಯರೇಖೆಯ ಮೇಲೆ ಸುಮಾರು 35,786 ಕಿ.ಮೀ. ಎತ್ತರದಲ್ಲಿ, 74 ಡಿಗ್ರಿ ಪೂರ್ವ ರೇಖಾಂಶದಲ್ಲಿರುವ ಉಪಗ್ರಹಕ್ಕೆ ಇಲ್ಲಿಂದ ಡಿಶ್ಶನ್ನು ದಕ್ಷಿಣಕ್ಕೆ ತಿರುಗಿಸಿ ಸುಮಾರು 74 ಡಿಗ್ರಿ ಮೇಲೆತ್ತಬೇಕು. ದಿಲ್ಲಿಯಲ್ಲಾದರೆ ಸುಮಾರು 56 ಸಾಕು. ಹಾಗಾಗಿಯೇ ತೆಂಗಿನ ತೋಟದ ನಡುವೆಯೂ ಸಿಗ್ನಲ್ ಸಿಗುತ್ತದೆ: 50 ಅಡಿಯ ಮರ ದಕ್ಷಿಣಕ್ಕೆ 30 ಅಡಿ ದೂರವಿದ್ದರೆ ಅಡ್ಡಿಯಿಲ್ಲ.

ಜುಲೈ ಮಳೆಗೆ ಚಿಕ್ಕ ಡಿಶ್ಶಿನ ಚಿತ್ರ ಹೋದರೂ ಸಿ-ಬ್ಯಾಂಡ್‌ನ ದೊಡ್ಡ ಡಿಶ್ ಕೈಕೊಡುವುದು ಅಪರೂಪ. ಅದರ ತರಂಗ ಸುಮಾರು 7.5 ಸೆಂ.ಮೀ. ಉದ್ದ, ಮಳೆಹನಿ ಅದನ್ನು ಹೀರುವುದು ತೀರಾ ಕಡಿಮೆ. ಜಾಲರಿಯ ಸಣ್ಣ ತೂತುಗಳಲ್ಲಿ ನೀರು ಸೋರಿಹೋಗುತ್ತದೆ, ತರಂಗ ಹೋಗದು. ಕಂಬ ರಸಮಟ್ಟಕ್ಕೆ ನೆಟ್ಟಗಿರಲಿ. ಗುಡುಗು-ಸಿಡಿಲು ಶುರುವಾಗುವ ಮೊದಲೇ ಅರ್ಥಿಂಗ್ ಮಾಡಿಸಿ.