ಕೆರೆಯ ಹೂಳೆತ್ತುವ ಮುನ್ನ

ಹೂಳು ತುಂಬಿದ ಕೆರೆಗಳಿಗೆ ಮರುಜೀವ ನೀಡುವ ಕಾರ್ಯವು ನಾಡಿನ ಹಲವೆಡೆ ನಡೆದಿರುವುದು ಸಂತಸದ ಸಂಗತಿ. ಕೆರೆ ತುಂಬಿದರೆ ಬಾವಿಗೆ ನೀರು, ಹಕ್ಕಿಗೆ ನೆಲೆ. ಆದರೆ ಯಂತ್ರವು ಕೆರೆಯಂಗಳಕ್ಕೆ ಇಳಿಯುವ ಮೊದಲು ಏರಿ, ತೂಬು, ಕೋಡಿಗಳ ಬಳಿ ನಿಂತ ಕಲ್ಲುಗಳನ್ನು ನಮ್ಮಲ್ಲಿ ಎಷ್ಟು ಜನ ನೋಡಿರುತ್ತೇವೆ? ಕೆರೆ ಕಟ್ಟಿಸಿದವರ ಹೆಸರು, ಅದರ ದುರಸ್ತಿಗೆಂದು ಬಿಟ್ಟ ಬಿತ್ತುವಟ್ಟ, ಕಟ್ಟುಕೊಡಗೆಗಳ ವಿವರ ಇಂಥ ಶಾಸನಗಳಲ್ಲಿಯೇ ಉಳಿದಿರುವುದು.

ನೆರೆಯ ಆಂಧ್ರದ ಕಡಪ ಸೀಮೆಯ ಪೋರುಮಾಮಿಳ್ಳದ ಕೆರೆಯನ್ನೇ ನೋಡೋಣ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನ 1369ರ ಸಂಸ್ಕೃತ ಶಾಸನವು, ಸಾವಿರ ಆಳುಗಳು ನೂರು ಬಂಡಿಗಳೊಡನೆ ಎರಡು ವರ್ಷ ದುಡಿದರೆಂದು ತಿಳಿಸುತ್ತದೆ. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ, ಇರಬಾರದ 6 ದೋಷಗಳನ್ನೂ ಎಣಿಸುತ್ತದೆ. ಏರಿಯಲ್ಲಿ ನೀರು ಜಿನುಗುವುದು, ಸವುಳು ಮಣ್ಣು, ಎರಡು ರಾಜ್ಯಗಳ ಗಡಿ, ಕೆರೆಯ ನಡುವಿನ ದಿಣ್ಣೆ, ಕಡಿಮೆ ನೀರಿಗೆ ಹೆಚ್ಚು ನೆಲ, ಹೆಚ್ಚು ನೀರಿಗೆ ಕಡಿಮೆ ನೆಲ ಇವೇ ಆ ದೋಷಗಳು. (ಗಡಿಯ ನೀರಿನ ಜಗಳವನ್ನು ಹಿರಿಯರು ಆಗಲೇ ಬಲ್ಲವರಾಗಿದ್ದರು!) ಆ ಚಪ್ಪಡಿಗಳು ಯಾರದೋ ಮೆಟ್ಟಿಲಾಗಿದ್ದರೆ ಈ ಅರಿವು ನಮಗೆಲ್ಲಿಯದು?

ಹೂಳಿನೊಡನೆ ಹೊಲ ಸೇರಿದ ಕಲ್ಲಿನ ಮೂಲ ನೆಲೆ ಮತ್ತೆ ತಿಳಿಯದು. ಆದ್ದರಿಂದ ಕೆಲಸಕ್ಕೆ ಮೊದಲೇ ಊರ ಹಿರಿಯರೊಡನೆ ಏರಿಯ ಉದ್ದಕ್ಕೂ ನಡೆದು, ಕಂಡ ಕಲ್ಲುಗಳ ಛಾಯಾಚಿತ್ರ ತೆಗೆದು, ಜಾಗ ಗುರುತಿಸಿ, ಸುತ್ತಲಿನ ನೆಲವನ್ನು ಯಂತ್ರಕ್ಕೆ ಬಿಡದೆ ಉಳಿಸಬೇಕು. ಅಗೆಯುವಾಗ ವೀರಗಲ್ಲೋ ವಿಗ್ರಹವೋ ದೊರೆತರೆ ಅಲ್ಲಿಗೇ ನಿಲ್ಲಿಸಿ ತಹಶೀಲ್ದಾರರಿಗೂ ಪುರಾತತ್ವ ಇಲಾಖೆಗೂ ತಿಳಿಸಬೇಕು. ಭಕ್ತಿಯಿಂದಲೇ ಆದರೂ ಅದಕ್ಕೆ ಎಣ್ಣೆ ಹಚ್ಚುವುದು, ಬಣ್ಣ ಬಳಿಯುವುದು ಸಲ್ಲದು, ಅಕ್ಷರಗಳು ಮುಚ್ಚಿಹೋಗುತ್ತವೆ.